ಐಸಿಯುನಲ್ಲಿ ಬೇಡದ ಖರ್ಚು ಇಳಿಸುವುದು ಹೇಗೆ? ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಬೆಳಗಿನ ಜಾವ ನಾಲ್ಕು ಗಂಟೆ. ಒಂಬತ್ತು ದಿನದಿಂದ ಐಸಿಯುನಲ್ಲಿದ್ದ ಒಬ್ಬರನ್ನು ಸಿಸ್ಟರ್ ರಕ್ತ ತೆಗೆಯಲು ಎಬ್ಬಿಸಿದರು. ಅವರಿಗೆ ಆಗಷ್ಟೇ ಜೋಂಪು ಹತ್ತಿತ್ತು. "ಈಗ ಯಾಕಮ್ಮ?" ಅಂತ ಕೇಳಿದರು. "ಡಾಕ್ಟರ್ ಬರೆದಿದ್ದಾರೆ" ಅಂದರು ಸಿಸ್ಟರ್. ಬರೆದ ಡಾಕ್ಟರ್ ನಾನೇ. ಮೊದಲ ದಿನ, ಬಿಪಿ ಕುಸಿದು ಜೀವ ತೂಗಾಡುತ್ತಿದ್ದಾಗ, ಆರು ಗಂಟೆಗೊಮ್ಮೆ ಎಬಿಜಿ (ಅಪಧಮನಿಯ ರಕ್ತದಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ನೋಡುವ ಪರೀಕ್ಷೆ), ದಿನಾ ಎದೆಯ ಎಕ್ಸ್‌ರೇ, ದಿನಾ ಎಲ್ಲ ರಕ್ತಪರೀಕ್ಷೆ ಅಂತ ಬರೆದಿದ್ದೆ. ಅವತ್ತು ಅದೆಲ್ಲ ಬೇಕಿತ್ತು. ಒಂಬತ್ತನೇ ದಿನ ಅವರು ಕುರ್ಚಿಯಲ್ಲಿ ಕೂತು, ತಾವೇ ಚಮಚ ಹಿಡಿದು ಊಟ ಮಾಡುತ್ತಿದ್ದರು. ಆರ್ಡರ್ ಮಾತ್ರ ಹಾಗೇ ನಡೆಯುತ್ತಿತ್ತು. ಯಾರೂ ಅದನ್ನು ನಿಲ್ಲಿಸಿರಲಿಲ್ಲ. ನಿಲ್ಲಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಐಸಿಯುನ ಬೇಡದ ಖರ್ಚಿನಲ್ಲಿ ದೊಡ್ಡ ಪಾಲು ಹೀಗೆಯೇ ಹುಟ್ಟುತ್ತದೆ. ಯಾರೋ ದುಂದು ಮಾಡಿದ್ದರಿಂದಲ್ಲ, ಒಮ್ಮೆ ಶುರುವಾದದ್ದು ತಾನಾಗಿ ಮುಂದುವರಿಯುವುದರಿಂದ. ಹಾಗಾಗಿ "ಖರ್ಚು ಕಡಿಮೆ ಮಾಡಿ" ಅಂತ ಸುತ್ತೋಲೆ ಹೊರಡಿಸಿದರೆ ಏನೂ ಆಗುವುದಿಲ್ಲ. ತಾನಾಗಿ ನಡೆಯುವುದನ್ನು ಹುಡುಕಬೇಕು. ಇದು ರೋಗಿಗೆ ಇವತ್ತು ಬೇಕಾ ಅಂತ ಕೇಳುವ ಪದ್ಧತಿ ತರಬೇಕು. ಐಸಿಯು ಮುಖ್ಯಸ್ಥರು, ಡ್ಯೂಟಿ ಡಾಕ್ಟರುಗಳು, ನರ್ಸ್ ಇನ್‌ಚಾರ್ಜ್‌ಗಳು, ಆಸ್ಪತ್ರೆ ಆಡಳಿತದವರು, ಎಲ್ಲರಿಗೂ ಉಪಯೋಗವಾಗಲಿ ಅಂತ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ: ದುಡ್ಡು ಎಲ್ಲಿ ಹೋಗುತ್ತದೆ ಅಂತ ತಿಳಿಯಿರಿ

ಐಸಿಯು ಖರ್ಚಿನಲ್ಲಿ ಎರಡು ಬಗೆ. ಒಂದು, ರೋಗಿ ಇರಲಿ ಬಿಡಲಿ ಆಗಿಯೇ ಆಗುವ ಖರ್ಚು: ಸಿಬ್ಬಂದಿ ಸಂಬಳ, ಕಟ್ಟಡ, ಯಂತ್ರಗಳು, ಆಮ್ಲಜನಕದ ವ್ಯವಸ್ಥೆ. ಇನ್ನೊಂದು, ಬಳಸಿದಷ್ಟೂ ಏರುವ ಖರ್ಚು: ಔಷಧಿ, ಪರೀಕ್ಷೆ, ರಕ್ತ, ಟ್ಯೂಬು, ಕ್ಯಾಥೆಟರು. ಅಮೆರಿಕದ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಲೆಕ್ಕ 1999ರಲ್ಲಿ ಪ್ರಕಟವಾಯಿತು. ಅಲ್ಲಿ ಒಟ್ಟು ಖರ್ಚಿನ ಶೇಕಡ 84ರಷ್ಟು ಮೊದಲ ಬಗೆಯದು. ನಿಮ್ಮ ಆಸ್ಪತ್ರೆಯಲ್ಲಿ ಈ ಪಾಲು ಬೇರೆ ಇರಬಹುದು, ಆದರೆ ಪಾಠ ಅದೇ.

ಈ ಪಾಠ ಏಕೆ ಮುಖ್ಯ? "ಸರಾಸರಿ ಒಂದು ದಿನಕ್ಕೆ ಇಷ್ಟು ಖರ್ಚು, ಒಬ್ಬೊಬ್ಬ ರೋಗಿಯನ್ನೂ ಒಂದು ದಿನ ಬೇಗ ಕಳಿಸಿದರೆ ಅಷ್ಟೂ ಉಳಿಯಿತು" ಅಂತ ಲೆಕ್ಕ ಹಾಕುವವರು ಬಹಳ ಜನ. ಅದು ತಪ್ಪು ಲೆಕ್ಕ. ಐಸಿಯುನಲ್ಲಿ ಮೊದಲ ದಿನಗಳೇ ದುಬಾರಿ. ಕೊನೆಯ ದಿನ ರೋಗಿಗೆ ಹೆಚ್ಚೇನೂ ನಡೆಯುತ್ತಿರುವುದಿಲ್ಲ. ಒಂದು ದಿನ ಬೇಗ ಕಳಿಸಿದರೆ ನರ್ಸ್ ಸಂಬಳ ಉಳಿಯುವುದಿಲ್ಲ. ಒಂದು ಹಾಸಿಗೆ ಖಾಲಿಯಾಗುತ್ತದೆ. ಹೊರಗೆ ಕಾಯುತ್ತಿರುವ ಇನ್ನೊಬ್ಬರಿಗೆ ಅದೇ ದೊಡ್ಡ ಲಾಭ, ಆದರೆ ಅದನ್ನು ದುಡ್ಡು ಉಳಿಯಿತು ಅಂತ ತೋರಿಸಬೇಡಿ. ಆಡಳಿತಕ್ಕೆ ಮೊದಲೇ ಇದನ್ನು ಬಿಡಿಸಿ ಹೇಳಿ. ಇಲ್ಲದಿದ್ದರೆ ಆರು ತಿಂಗಳ ನಂತರ "ಎಲ್ಲಿ ಉಳಿತಾಯ?" ಅಂತ ಕೇಳುತ್ತಾರೆ, ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ನಿಜವಾಗಿ ಉಳಿಯುವುದು ಎರಡು ಕಡೆ. ಬೇಡದ ಪರೀಕ್ಷೆ ಮತ್ತು ಔಷಧಿ ನಿಂತಾಗ ಒಂದು. ಸೋಂಕು, ರಕ್ತಸ್ರಾವ, ವೆಂಟಿಲೇಟರಿನ ತೊಂದರೆಗಳು ಬರದಂತೆ ತಡೆದಾಗ ಇನ್ನೊಂದು. ಎರಡನೆಯದೇ ದೊಡ್ಡದು ಅಂತ ನನ್ನ ಅನುಭವ.

ಹಂತ 1: ಎರಡು ವಾರ ಸುಮ್ನೆ ಎಣಿಸಿ

ಏನನ್ನೂ ಬದಲಿಸಬೇಡಿ. ಯಾರಿಗೂ ಉಪದೇಶ ಮಾಡಬೇಡಿ. ಎಣಿಸಿ, ಅಷ್ಟೇ. ದುಡ್ಡಿನಲ್ಲಿ ಬೇಡ, ಸಂಖ್ಯೆಯಲ್ಲಿ ಎಣಿಸಿ. ದುಡ್ಡು ಅಂದ ಕೂಡಲೇ ಡಾಕ್ಟರುಗಳು ಮುಖ ತಿರುಗಿಸುತ್ತಾರೆ. "ಒಬ್ಬ ರೋಗಿಗೆ ಒಂದು ದಿನಕ್ಕೆ ಐದು ಎಬಿಜಿ" ಅಂದರೆ ಕುತೂಹಲದಿಂದ ತಿರುಗಿ ನೋಡುತ್ತಾರೆ.

ಪ್ರತಿ ರೋಗಿಗೆ ಪ್ರತಿ ದಿನ ಎಷ್ಟು ಸಲ ರಕ್ತ ತೆಗೆದಿರಿ, ಎಷ್ಟು ಎಬಿಜಿ, ಎಷ್ಟು ಎಕ್ಸ್‌ರೇ, ಎಷ್ಟು ಯೂನಿಟ್ ರಕ್ತ, ಎಷ್ಟು ಬಾಟಲಿ ಅಲ್ಬುಮಿನ್ (ರಕ್ತದ ಪ್ರೋಟೀನ್ ಇರುವ ದುಬಾರಿ ಡ್ರಿಪ್) ಅಂತ ಬರೆದಿಡಿ. ಆಂಟಿಬಯೋಟಿಕ್ ಎಷ್ಟನೇ ದಿನ, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಎಷ್ಟನೇ ದಿನ ಅನ್ನುವುದೂ ಇರಲಿ. ಒಂದು ಹಾಳೆ ಸಾಕು.

ಇದರ ಜೊತೆಗೇ, ಇವತ್ತಿನಿಂದಲೇ, ಇನ್ನೂ ಮೂರು ನಾಲ್ಕು ಸಂಖ್ಯೆ ಬರೆಯಲು ಶುರು ಮಾಡಿ. ವಾರ್ಡಿಗೆ ಕಳಿಸಿದವರಲ್ಲಿ 48 ಗಂಟೆಯೊಳಗೆ ಎಷ್ಟು ಜನ ವಾಪಸ್ ಬಂದರು? ಉಸಿರಿನ ಟ್ಯೂಬ್ ತೆಗೆದ ಮೇಲೆ ಎಷ್ಟು ಜನರಿಗೆ ಮತ್ತೆ ಹಾಕಬೇಕಾಯಿತು? ಸಾವು ಎಷ್ಟು? ಗಮನಕ್ಕೆ ತಡವಾಗಿ ಬಂದ ತೊಂದರೆ ಎಷ್ಟು? ಇವು ಕಾವಲು ಸಂಖ್ಯೆಗಳು. ಕಡಿಮೆ ಮಾಡುವ ಭರದಲ್ಲಿ ರೋಗಿಗೆ ಕೇಡಾದರೆ ಮೊದಲು ಗೊತ್ತಾಗುವುದು ಇಲ್ಲಿ. ಕಾವಲು ಸಂಖ್ಯೆ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಹಂತ 2: ಜೊತೆಗಾರರನ್ನು ಸೇರಿಸಿ, ಒಂದು ನಿಯಮ ಹಾಕಿಕೊಳ್ಳಿ

ಒಬ್ಬ ಸೀನಿಯರ್ ಡಾಕ್ಟರ್, ಒಬ್ಬ ಜೂನಿಯರ್, ಇಬ್ಬರು ನರ್ಸ್, ಒಬ್ಬ ಫಾರ್ಮಸಿಸ್ಟ್, ಲ್ಯಾಬಿನಿಂದ ಒಬ್ಬರು. ಇಷ್ಟು ಜನ ಸಾಕು. ನರ್ಸ್ ಇಬ್ಬರು ಬೇಕೇ ಬೇಕು, ಒಬ್ಬರಾದರೆ ಬಾಯಿ ಬಿಡುವುದಿಲ್ಲ. ಯಾವುದು ಸುಮ್ನೆ ನಡೆಯುತ್ತಿದೆ ಅನ್ನುವುದು ಎಲ್ಲರಿಗಿಂತ ಮೊದಲು ಗೊತ್ತಿರುವುದು ಅವರಿಗೇ.

ನಿಯಮ ಇದು: ಉಳಿತಾಯಕ್ಕೂ ಡಾಕ್ಟರ ಸಂಬಳಕ್ಕೂ ಯಾವ ನಂಟೂ ಇರಬಾರದು. ಕಡಿಮೆ ಬರೆದವರಿಗೆ ಬೋನಸ್ ಅಂತಾದರೆ ರೋಗಿಯ ಕಡೆಯವರು ನಮ್ಮನ್ನು ನಂಬುವುದನ್ನು ಬಿಡುತ್ತಾರೆ. ಬಿಡಬೇಕಾದ್ದೇ. ಉಳಿದದ್ದರಲ್ಲಿ ಒಂದು ಪಾಲು ಆ ಐಸಿಯುಗೇ ವಾಪಸ್ ಬರಲಿ, ಎಲ್ಲರ ಕಣ್ಣಿಗೆ ಕಾಣುವ ಹಾಗೆ: ಒಂದು ಅಲ್ಟ್ರಾಸೌಂಡ್ ಯಂತ್ರ, ಫಿಸಿಯೋಥೆರಪಿಗೆ ಒಬ್ಬರು ಹೆಚ್ಚು, ಹೀಗೆ.

ಹಂತ 3: ಒಂದೇ ಒಂದು ಗುರಿ ಆರಿಸಿ

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ, ಅಮೆರಿಕದ ಐಸಿಯು ವೈದ್ಯರ ಮತ್ತು ನರ್ಸ್‌ಗಳ ಸಂಘಗಳು ಸೇರಿ 2014ರಲ್ಲಿ ಕೊಟ್ಟ ಐದು ಸಲಹೆಗಳಿವೆ. 'ಚೂಸಿಂಗ್ ವೈಸ್ಲಿ' ಅನ್ನುವ ಆಂದೋಲನದ ಭಾಗವಾಗಿ ಬಂದವು. ಪರೀಕ್ಷೆಗಳನ್ನು ದಿನಾ ಇಂತಿಷ್ಟು ಅಂತ ಮಾಡದೆ, ಒಂದು ಪ್ರಶ್ನೆ ಇದ್ದಾಗ ಮಾತ್ರ ಮಾಡಿ. ರಕ್ತಸ್ರಾವ ಇಲ್ಲದೆ ಬಿಪಿ ಸ್ಥಿರವಾಗಿರುವವರಿಗೆ ಹಿಮೋಗ್ಲೋಬಿನ್ 7ಕ್ಕಿಂತ ಜಾಸ್ತಿ ಇದ್ದರೆ ರಕ್ತ ಕೊಡಬೇಡಿ. ಮೊದಲೇ ಪುಷ್ಟಿಯಾಗಿದ್ದವರಿಗೆ ಮೊದಲ ಏಳು ದಿನ ರಕ್ತನಾಳದ ಮೂಲಕ ಪೋಷಣೆ ಬೇಡ. ಕಾರಣವಿಲ್ಲದೆ ಗಾಢ ನಿದ್ದೆಯಲ್ಲಿ ಇಡಬೇಡಿ, ದಿನಾ ಸೆಡೇಷನ್ (ನಿದ್ದೆ ಬರಿಸುವ ಔಷಧಿ) ಇಳಿಸಿ ನೋಡಿ. ಬದುಕುವ ಅಥವಾ ಸಹಜವಾಗಿ ಓಡಾಡುವಂತಾಗುವ ಸಾಧ್ಯತೆ ತೀರಾ ಕಡಿಮೆ ಇರುವವರ ಮನೆಯವರಿಗೆ, ನೋವು ಕಳೆಯುವ ಆರೈಕೆಯ ದಾರಿಯೂ ಇದೆ ಅಂತ ಹೇಳದೆ ಯಂತ್ರಗಳನ್ನು ಮುಂದುವರಿಸಬೇಡಿ.

ಗಮನಿಸಿ, ಈ ಐದೂ ಮೊದಲು ರೋಗಿಯ ಒಳಿತಿನ ಮಾತು. ಖರ್ಚು ಆಮೇಲೆ ತಾನಾಗಿ ಇಳಿಯುತ್ತದೆ. ನಿಮ್ಮ ಮೊದಲ ಗುರಿಯೂ ಹಾಗೇ ಇರಲಿ. ನನ್ನನ್ನು ಕೇಳಿದರೆ ರಕ್ತಪರೀಕ್ಷೆಯಿಂದ ಶುರು ಮಾಡಿ ಅನ್ನುತ್ತೇನೆ. ಒಂದು ತಿಂಗಳಲ್ಲೇ ಫಲ ಕಾಣುತ್ತದೆ, ಜನಕ್ಕೆ ಹುಮ್ಮಸ್ಸು ಬರುತ್ತದೆ.

ಹಂತ 4: ರಕ್ತ ತೆಗೆಯುವುದನ್ನು ಕಡಿಮೆ ಮಾಡಿ

ಪಶ್ಚಿಮ ಯುರೋಪಿನ ನೂರಕ್ಕೂ ಹೆಚ್ಚು ಐಸಿಯುಗಳ ಲೆಕ್ಕ 2002ರಲ್ಲಿ ಬಂತು. ಒಬ್ಬ ರೋಗಿಯಿಂದ ದಿನಕ್ಕೆ ಸರಾಸರಿ 41 ಮಿಲಿಲೀಟರ್ ರಕ್ತವನ್ನು ಬರೀ ಪರೀಕ್ಷೆಗೆ ತೆಗೆಯುತ್ತಿದ್ದರು. ಹತ್ತು ದಿನಕ್ಕೆ 400 ಮಿಲಿಲೀಟರ್ ದಾಟುತ್ತದೆ. ರಕ್ತದಾನಕ್ಕೆ ಹೋದವರಿಂದ ಒಂದು ಸಲಕ್ಕೆ ತೆಗೆಯುವಷ್ಟು. ದಾನಿ ಆರೋಗ್ಯವಂತ, ನಮ್ಮ ರೋಗಿ ಹಾಗಲ್ಲ. ಅವರ ಮಜ್ಜೆಗೆ ಹೊಸ ರಕ್ತ ಮಾಡುವ ಶಕ್ತಿ ಆಗ ಕುಗ್ಗಿರುತ್ತದೆ. ನಾವೇ ರಕ್ತ ತೆಗೆದು, ರಕ್ತಹೀನತೆ ತಂದು, ಆಮೇಲೆ ಇನ್ನೊಬ್ಬರ ರಕ್ತ ಹಾಕುತ್ತೇವೆ. ಪರೀಕ್ಷೆಯ ಖರ್ಚು, ಟ್ಯೂಬಿನ ಖರ್ಚು, ರಕ್ತದ ಖರ್ಚು, ಅದರಿಂದ ಬರಬಹುದಾದ ತೊಂದರೆಯ ಖರ್ಚು. ಒಂದೇ ರೂಢಿಗೆ ನಾಲ್ಕು ಬಿಲ್.

ಏನು ಮಾಡಬೇಕು? ಮೊದಲು "ದಿನಾ" ಅನ್ನುವ ಪದವನ್ನೇ ಆರ್ಡರ್ ಹಾಳೆಯಿಂದ ತೆಗೆಯಿರಿ. ಯಾವ ಪರೀಕ್ಷೆಯ ಆರ್ಡರ್ ಆದರೂ 24 ಗಂಟೆಗೆ ತಾನಾಗಿ ಮುಗಿಯಬೇಕು. ನಾಳೆಯೂ ಬೇಕಿದ್ದರೆ ನಾಳೆ ಬರೆಯಲಿ. ಕಂಪ್ಯೂಟರಿನಲ್ಲಿ ಆರ್ಡರ್ ಹಾಕುವ ಕಡೆ ಇದು ಒಂದು ಸೆಟ್ಟಿಂಗ್ ಬದಲಿಸುವ ಕೆಲಸ. ಕಾಗದದಲ್ಲಿ ಬರೆಯುವ ಕಡೆ, ಹಳೆಯ ಹಾಳೆ ರಾತ್ರಿಗೆ ಮುಗಿದು ಹೊಸ ಹಾಳೆ ಖಾಲಿ ಬರಲಿ. ಇದೊಂದೇ ಬದಲಾವಣೆ ಹತ್ತು ಪೋಸ್ಟರಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಎರಡನೆಯದು, ಸಂಜೆ ರೌಂಡ್ಸ್‌ನಲ್ಲಿ ನಾಳೆಯ ಪರೀಕ್ಷೆಗಳನ್ನು ಒಂದೊಂದಾಗಿ ಹೇಳಿ ಒಂದೇ ಪ್ರಶ್ನೆ ಕೇಳಿ: "ಇದರ ಉತ್ತರ ಹೀಗೆ ಬಂದರೆ ಏನು ಮಾಡುತ್ತೇವೆ, ಹಾಗೆ ಬಂದರೆ ಏನು ಮಾಡುತ್ತೇವೆ?" ಎರಡಕ್ಕೂ ಒಂದೇ ಉತ್ತರ ಆದರೆ ಆ ಪರೀಕ್ಷೆ ಬೇಡ. ಲಿವರ್ ಪರೀಕ್ಷೆ ನಾಲ್ಕು ದಿನದಿಂದ ಸರಿಯಾಗಿದೆ, ಲಿವರಿಗೆ ತೊಂದರೆ ಕೊಡುವ ಔಷಧಿಯೂ ಇಲ್ಲ ಅಂದಮೇಲೆ ಐದನೇ ದಿನ ಏನು ಹುಡುಕುತ್ತಿದ್ದೇವೆ?

ಎಬಿಜಿ ಬಗ್ಗೆ ಬೇರೆಯಾಗಿ ಹೇಳಬೇಕು. ಆರ್ಟೀರಿಯಲ್ ಲೈನ್ (ಅಪಧಮನಿಗೆ ಹಾಕಿದ ನಳಿಕೆ) ಇದ್ದರೆ ಎಬಿಜಿ ಜಾಸ್ತಿ ಆಗುತ್ತದೆ, ರೋಗಿಗೆ ಬೇಕು ಅಂತಲ್ಲ, ತೆಗೆಯುವುದು ಸುಲಭ ಅಂತ. ವೆಂಟಿಲೇಟರಿನಲ್ಲಿ ಆಕ್ಸಿಜನ್ ಸ್ವಲ್ಪ ಇಳಿಸಿದಾಗ ಬೆರಳಿನ ಪಲ್ಸ್ ಆಕ್ಸಿಮೀಟರ್ ಸಾಕಾಗುತ್ತದೆ. ಬಿಟ್ಟ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಉಪಕರಣ ಇದ್ದರೆ ಇನ್ನೂ ಅನುಕೂಲ. ಆದರೆ ಒಂದು ಎಚ್ಚರ: ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಶಾಕ್‌ನಲ್ಲಿ, ಅಂದರೆ ಬಿಪಿ ಕುಸಿದು, ಕೈ ತಣ್ಣಗಿದ್ದರೂ ನಂಬುವಂತಿಲ್ಲ. ಅನುಮಾನ ಬಂದರೆ ಎಬಿಜಿ ಮಾಡಿ. ಇನ್ನು ಲೈನ್ ಬೇಡವಾದ ದಿನವೇ ತೆಗೆದುಬಿಡಿ, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು, ಸಣ್ಣ ಟ್ಯೂಬು. ಲ್ಯಾಬ್ ಯಂತ್ರಕ್ಕೆ ಬೇಕಾಗುವುದು ಸ್ವಲ್ಪ, ನಾವು ತುಂಬಿ ಕಳಿಸುವುದು ಜಾಸ್ತಿ, ಉಳಿದದ್ದು ಕಸಕ್ಕೆ. ಕೆನಡಾದ 25 ಐಸಿಯುಗಳಲ್ಲಿ ಮಾಮೂಲಿ ಟ್ಯೂಬಿನ ಬದಲು ಕಡಿಮೆ ರಕ್ತ ಹಿಡಿಯುವ ಟ್ಯೂಬ್ ಬಳಸಿ ನೋಡಿದ ಅಧ್ಯಯನ 2023ರಲ್ಲಿ ಬಂತು. ಪರೀಕ್ಷೆಗೆ ರಕ್ತ ಸಾಲದೆ ಹೋಗುವ ತೊಂದರೆ ಹೆಚ್ಚಲಿಲ್ಲ. ಕೋವಿಡ್ ಶುರುವಿನ ಕಾಲದ ರೋಗಿಗಳನ್ನು ಬಿಟ್ಟ ಮುಖ್ಯ ಲೆಕ್ಕದಲ್ಲಿ ರಕ್ತ ಕೊಡುವುದರಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ, ಅವರನ್ನೂ ಸೇರಿಸಿ ಲೆಕ್ಕ ಹಾಕಿದಾಗ 100 ರೋಗಿಗಳಿಗೆ ಸುಮಾರು 10 ಯೂನಿಟ್ ರಕ್ತ ಕಡಿಮೆ ಸಾಕಾಗಿತ್ತು. ಇದಕ್ಕೆ ಯಾವ ಡಾಕ್ಟರ ಮನಸ್ಸನ್ನೂ ಬದಲಿಸಬೇಕಿಲ್ಲ. ಸ್ಟೋರ್‌ನವರು ಬೇರೆ ಟ್ಯೂಬ್ ತರಿಸಿದರೆ ಆಯಿತು. ಇಂಥ ಬದಲಾವಣೆಗಳನ್ನೇ ಮೊದಲು ಹುಡುಕಿ.

ಹೊಸ ಪರೀಕ್ಷೆ ಬೇಕಾದಾಗ ಲ್ಯಾಬಿಗೆ ಫೋನ್ ಮಾಡಿ ಬೆಳಗಿನ ಟ್ಯೂಬಿನಲ್ಲಿ ಉಳಿದದ್ದರಲ್ಲೇ ಆಗುತ್ತದಾ ಅಂತ ಕೇಳಿ. ಲೈನಿನಿಂದ ಮೊದಲು ಎಳೆದ ರಕ್ತವನ್ನು ಚೆಲ್ಲದೆ ವಾಪಸ್ ಕೊಡುವ ಮುಚ್ಚಿದ ವ್ಯವಸ್ಥೆ ಇದ್ದರೆ ಬಳಸಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಡಯಾಬಿಟಿಕ್ ಕೀಟೋಅಸಿಡೋಸಿಸ್‌ಗೆ (ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಇನ್ಸುಲಿನ್ ನಡೆಯುತ್ತಿರುವವರು, ಪೊಟ್ಯಾಶಿಯಂ ತೀರಾ ಏರುಪೇರಾದವರು, ಸೋಡಿಯಂ ನಿಧಾನವಾಗಿ ಸರಿಪಡಿಸಬೇಕಾದವರು, ರಕ್ತ ಸುರಿಯುತ್ತಿರುವವರು: ಇವರಿಗೆ ಎರಡು ಗಂಟೆಗೊಮ್ಮೆ ಪರೀಕ್ಷೆಯೂ ಜಾಸ್ತಿಯಲ್ಲ. ಅಲ್ಲಿ ಪ್ರತಿ ಸಲವೂ ಒಂದು ಪ್ರಶ್ನೆ ಇದೆ.

ಹಂತ 5: ಎಕ್ಸ್‌ರೇ

ಇದನ್ನು ಬೇಗ ಮುಗಿಸಬಹುದು, ಏಕೆಂದರೆ ಪುರಾವೆ ಸ್ಪಷ್ಟವಾಗಿದೆ. ಫ್ರಾನ್ಸಿನ 21 ಐಸಿಯುಗಳಲ್ಲಿ ವೆಂಟಿಲೇಟರ್ ಮೇಲಿದ್ದವರಿಗೆ ದಿನಾ ಎಕ್ಸ್‌ರೇ ತೆಗೆಯುವ ಬದಲು ಬೇಕಾದಾಗ ಮಾತ್ರ ತೆಗೆದು ನೋಡಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎಕ್ಸ್‌ರೇ ಶೇಕಡ 32ರಷ್ಟು ಕಡಿಮೆಯಾಯಿತು. ವೆಂಟಿಲೇಟರಿನ ದಿನವಾಗಲಿ ಸಾವಾಗಲಿ ಹೆಚ್ಚಲಿಲ್ಲ. ಉಸಿರಿನ ಟ್ಯೂಬ್ ಹಾಕಿದ ಮೇಲೆ, ಸೆಂಟ್ರಲ್ ಲೈನ್ ಹಾಕಿದ ಮೇಲೆ, ಉಸಿರಾಟ ಇದ್ದಕ್ಕಿದ್ದಂತೆ ಹದಗೆಟ್ಟಾಗ ತೆಗೆಯಿರಿ. "ಬೆಳಗಾಯಿತು" ಅನ್ನುವುದು ಎಕ್ಸ್‌ರೇಗೆ ಕಾರಣವಲ್ಲ.

ಹಂತ 6: ರಕ್ತ ಮತ್ತು ಅಲ್ಬುಮಿನ್

ಕೆನಡಾದಲ್ಲಿ 838 ಐಸಿಯು ರೋಗಿಗಳ ಮೇಲೆ ನಡೆದ ಅಧ್ಯಯನ 1999ರಲ್ಲಿ ಬಂತು. ಒಂದು ಗುಂಪಿಗೆ ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ರಕ್ತ, ಇನ್ನೊಂದಕ್ಕೆ 10ಕ್ಕಿಂತ ಇಳಿದಾಗ. ಕಡಿಮೆ ರಕ್ತ ಕೊಟ್ಟ ಗುಂಪಿನವರಿಗೆ ಯಾವ ಕೇಡೂ ಆಗಲಿಲ್ಲ. ಇಷ್ಟು ವರ್ಷದ ಮೇಲೂ "8 ಇದೆ, ಒಂದೆರಡು ಬಾಟಲಿ ಹಾಕಿಬಿಡಿ" ಅನ್ನುವ ಮಾತು ಕೇಳುತ್ತೇನೆ. ಎರಡು ನಿಯಮ ಮಾಡಿಕೊಳ್ಳಿ. ರಕ್ತ ಕೇಳುವ ಚೀಟಿಯಲ್ಲಿ ಕಾರಣ ಬರೆಯಲೇಬೇಕು. ರಕ್ತಸ್ರಾವ ಇಲ್ಲದಿದ್ದರೆ ಒಂದು ಸಲಕ್ಕೆ ಒಂದೇ ಯೂನಿಟ್, ಕೊಟ್ಟು ನೋಡಿ ಆಮೇಲೆ ಇನ್ನೊಂದರ ಮಾತು. ಹೃದಯಾಘಾತ ಆದವರು ಮತ್ತು ಮೆದುಳಿಗೆ ಪೆಟ್ಟಾದವರು ಈ 7ರ ನಿಯಮದಿಂದ ಹೊರಗಿರಲಿ. ಅವರಿಗೆ ಸೀನಿಯರ್ ಡಾಕ್ಟರ್ ಬೇರೆಯಾಗಿ ನಿರ್ಧರಿಸಬೇಕು.

ಅಲ್ಬುಮಿನ್ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 6,997 ರೋಗಿಗಳಿಗೆ ಅಲ್ಬುಮಿನ್ ಅಥವಾ ಮಾಮೂಲಿ ಸಲೈನ್ ಕೊಟ್ಟು ಹೋಲಿಸಿದರು. 2004ರಲ್ಲಿ ಬಂದ ಫಲಿತಾಂಶದಲ್ಲಿ 28 ದಿನದ ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ. ಬೆಲೆಯಲ್ಲಿರುವ ವ್ಯತ್ಯಾಸ ಎಲ್ಲ ಕಡೆಯೂ ಬಹಳ ದೊಡ್ಡದು. ತಲೆಗೆ ಪೆಟ್ಟಾದವರಲ್ಲಂತೂ ಅಲ್ಬುಮಿನ್‌ನಿಂದ ಕೇಡೇ ಹೆಚ್ಚು ಕಂಡಿತು. ಲಿವರ್ ಸಿರೋಸಿಸ್‌ನ ಕೆಲವು ಸಂದರ್ಭಗಳಲ್ಲಿ ಅದಕ್ಕೆ ನಿಜವಾದ ಜಾಗ ಇದೆ. ಹೊಟ್ಟೆಯ ನೀರು ಸೋಂಕಾದಾಗ, ತುಂಬಾ ನೀರು ತೆಗೆದಾಗ ಕೊಡಲೇಬೇಕು. "ಅಲ್ಬುಮಿನ್ ಪ್ರಮಾಣ ಕಡಿಮೆ ಇದೆ" ಅನ್ನುವುದಷ್ಟೇ ಕಾರಣವಾಗಬಾರದು.

ಹಂತ 7: ಪ್ರತಿ ಔಷಧಿಗೂ ಕೊನೆಯ ದಿನ ಬರೆಯಿರಿ

ಶುರು ಮಾಡಲು ನಮಗೆ ಧೈರ್ಯ ಇದೆ, ನಿಲ್ಲಿಸಲು ಇಲ್ಲ. ಅದಕ್ಕೇ ಶುರು ಮಾಡುವ ದಿನವೇ ಮುಗಿಸುವ ದಿನವನ್ನೂ ಬರೆಯಬೇಕು.

ಆಂಟಿಬಯೋಟಿಕ್ ನೋಡಿ. ವೆಂಟಿಲೇಟರಿನಿಂದ ಬರುವ ನ್ಯುಮೋನಿಯಾಗೆ 8 ದಿನ ಕೊಟ್ಟರೂ 15 ದಿನ ಕೊಟ್ಟರೂ ಸಾವಿನಲ್ಲಿ ವ್ಯತ್ಯಾಸ ಇಲ್ಲ ಅಂತ ಫ್ರಾನ್ಸಿನ 51 ಐಸಿಯುಗಳ ಅಧ್ಯಯನ 2003ರಲ್ಲೇ ಹೇಳಿತು. ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳಲ್ಲಿ ಮಾತ್ರ ಸೋಂಕು ಮರುಕಳಿಸುವುದು ಸ್ವಲ್ಪ ಜಾಸ್ತಿ ಇತ್ತು. ರಕ್ತಕ್ಕೆ ಸೋಂಕು ಹಬ್ಬಿದವರಲ್ಲಿ 7 ದಿನ ಮತ್ತು 14 ದಿನವನ್ನು ಹೋಲಿಸಿದ ದೊಡ್ಡ ಅಧ್ಯಯನ 2024ರಲ್ಲಿ ಬಂತು. ಏಳು ದೇಶಗಳ 74 ಆಸ್ಪತ್ರೆ, 3,608 ರೋಗಿಗಳು. 7 ದಿನ ಸಾಕಾಯಿತು. ಸ್ಟ್ಯಾಫಿಲೊಕಾಕಸ್ ಆರಿಯಸ್ ಸೋಂಕಿನವರು ಮತ್ತು ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಅದರಲ್ಲಿ ಸೇರಿರಲಿಲ್ಲ, ಅದು ನೆನಪಿರಲಿ. ರೌಂಡ್ಸ್‌ನಲ್ಲಿ "ಮೆರೊಪೆನೆಮ್ ನಡೆಯುತ್ತಿದೆ" ಅನ್ನಬೇಡಿ. "ಮೆರೊಪೆನೆಮ್, 7ರಲ್ಲಿ 4ನೇ ದಿನ" ಅನ್ನಿ. ಎರಡನೇ ಸಂಖ್ಯೆ ಹೇಳಲು ಬಾರದಿದ್ದರೆ ಅಲ್ಲೇ ನಿಂತು ನಿರ್ಧರಿಸಿ. ಕಲ್ಚರ್ ವರದಿ (ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಅಂತ ಹೇಳುವುದು) ಬಂದ ದಿನ ಅದನ್ನು ಯಾರು ನೋಡುತ್ತಾರೆ, ಯಾರು ಔಷಧಿ ಬದಲಿಸುತ್ತಾರೆ ಅನ್ನುವುದೂ ಮೊದಲೇ ಗೊತ್ತಿರಲಿ.

ಅಸಿಡಿಟಿಯ ಇಂಜೆಕ್ಷನ್, ಅಂದರೆ ಪ್ಯಾಂಟೊಪ್ರಝೋಲ್ ಇನ್ನೊಂದು ಕಥೆ. ಐಸಿಯುಗೆ ಬಂದವರಿಗೆಲ್ಲ ಬರೆಯುತ್ತೇವೆ. ಪೂರ್ತಿ ಬೇಡ ಅನ್ನುವ ಹಾಗೂ ಇಲ್ಲ. ವೆಂಟಿಲೇಟರ್ ಮೇಲಿದ್ದ 4,821 ಜನರ ಅಧ್ಯಯನ 2024ರಲ್ಲಿ ಬಂತು. ಔಷಧಿ ಕೊಟ್ಟವರಲ್ಲಿ ಗಂಭೀರ ರಕ್ತಸ್ರಾವ ಶೇಕಡ 1, ಕೊಡದವರಲ್ಲಿ 3.5. ಸಾವಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವೆಂಟಿಲೇಟರ್ ಮೇಲಿರುವವರಿಗೆ ಕೊಡಿ. ವೆಂಟಿಲೇಟರ್ ತೆಗೆದು, ಬಾಯಿಂದ ಊಟ ಶುರುವಾಗಿ, ಬೇರೆ ಕಾರಣ ಇಲ್ಲದಿದ್ದರೆ ನಿಲ್ಲಿಸಿ. ಇದೇ ಔಷಧಿ ಐಸಿಯುನಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ಹೋಗಿ ತಿಂಗಳುಗಟ್ಟಲೆ ಮುಂದುವರಿಯುವುದನ್ನು ನೋಡಿದ್ದೇನೆ. ವಾರ್ಡಿಗೆ ಕಳಿಸುವ ಹಾಳೆಯಲ್ಲಿ "ಐಸಿಯುನಲ್ಲಿ ಶುರುವಾದದ್ದು, ಇಲ್ಲಿಗೇ ನಿಲ್ಲಿಸಬೇಕು" ಅನ್ನುವ ಒಂದು ಸಾಲು ಇಡಿ.

ಹೊಟ್ಟೆ ಕೆಲಸ ಮಾಡುತ್ತಿದ್ದರೆ ಇಂಜೆಕ್ಷನ್‌ನಿಂದ ಮಾತ್ರೆಗೆ ಅಥವಾ ಮೂಗಿನ ಟ್ಯೂಬಿಗೆ ಬದಲಿಸಿ. ಲೈನಿಝೋಲಿಡ್, ಮೆಟ್ರೊನಿಡಝೋಲ್, ಫ್ಲುಕೊನಝೋಲ್ ಇವೆಲ್ಲ ಹೊಟ್ಟೆಯ ಮೂಲಕ ಕೊಟ್ಟರೂ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಟ್ಯೂಬ್ ಆಹಾರದ ಜೊತೆ ಸರಿಯಾಗಿ ಹೀರಿಕೆಯಾಗುವುದಿಲ್ಲ, ಅದಕ್ಕೆ ಆಹಾರ ನಿಲ್ಲಿಸಿ ಕೊಡಬೇಕು. ಫಾರ್ಮಸಿಸ್ಟ್ ರೌಂಡ್ಸ್‌ಗೆ ಬಂದರೆ ಈ ಪಟ್ಟಿ ಅವರ ಕೈಯಲ್ಲಿರುತ್ತದೆ. ಒಂದು ರಕ್ತನಾಳದ ಲೈನ್ ತೆಗೆಯಲೂ ಇದರಿಂದ ದಾರಿ ಆಗುತ್ತದೆ.

ಹಂತ 8: ವೆಂಟಿಲೇಟರ್ ದಿನ, ಲೈನ್ ದಿನ

ತೊಂದರೆ ತಡೆಯುವುದೇ ದೊಡ್ಡ ಉಳಿತಾಯ ಅಂದೆನಲ್ಲ, ಅದು ಇಲ್ಲಿದೆ. ದಿನಕ್ಕೊಮ್ಮೆ ಸೆಡೇಷನ್ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿ ನೋಡಿದ 128 ರೋಗಿಗಳ ಅಧ್ಯಯನ 2000ನೇ ಇಸವಿಯದು. ವೆಂಟಿಲೇಟರಿನ ದಿನಗಳು 7.3ರಿಂದ 4.9ಕ್ಕೆ ಇಳಿದವು. ಎಚ್ಚರಿಸಿ ನೋಡುವುದು ಮತ್ತು ತಾವೇ ಉಸಿರಾಡುತ್ತಾರಾ ಅಂತ ಪರೀಕ್ಷಿಸುವುದು, ಎರಡನ್ನೂ ಒಂದಕ್ಕೊಂದು ಜೋಡಿಸಿ, ಬೆಳಿಗ್ಗೆ ನರ್ಸ್ ತಾವೇ ಶುರು ಮಾಡುವ ಹಾಗೆ ಪ್ರೋಟೋಕಾಲ್ ಮಾಡಿ. ಡಾಕ್ಟರ್ ಬರಲಿ ಅಂತ ಕಾಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಮೆದುಳಿನ ಒತ್ತಡ ಏರಿದವರು, ಫಿಟ್ಸ್ ನಡೆಯುತ್ತಿರುವವರು, ಸ್ನಾಯು ಸಡಿಲಿಸುವ ಔಷಧಿಯಲ್ಲಿರುವವರು ಈ ಪ್ರೋಟೋಕಾಲಿಗೆ ಸೇರುವುದಿಲ್ಲ ಅಂತ ಅದರಲ್ಲೇ ಬರೆದಿರಿ.

ಲೈನ್ ಸೋಂಕಿಗೆ ಅಮೆರಿಕದ ಮಿಷಿಗನ್ ರಾಜ್ಯದ ಕೆಲಸ ನೋಡಿ. ಕೈ ತೊಳೆಯುವುದು, ಲೈನ್ ಹಾಕುವಾಗ ಮೈಪೂರ್ತಿ ಹೊದಿಕೆ, ಕ್ಲೋರ್‌ಹೆಕ್ಸಿಡಿನ್ ಅನ್ನುವ ರೋಗಾಣುನಾಶಕದಿಂದ ಚರ್ಮ ಒರೆಸುವುದು, ಆದಷ್ಟು ತೊಡೆಸಂದಿಯನ್ನು ಬಿಡುವುದು, ಬೇಡವಾದ ಲೈನ್ ತೆಗೆಯುವುದು. ಈ ಐದೇ. 103 ಐಸಿಯುಗಳ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಸಾವಿರ ಲೈನ್ ದಿನಕ್ಕೆ (ಒಂದು ಲೈನ್ ಒಂದು ದಿನ ಇದ್ದರೆ ಒಂದು ಲೈನ್ ದಿನ) 2.7 ಇದ್ದ ಸೋಂಕಿನ ಮಧ್ಯಾಂಕ, ಅಂದರೆ ಐಸಿಯುಗಳನ್ನು ಸಾಲಾಗಿಟ್ಟರೆ ನಡುವೆ ಬರುವುದರ ಪ್ರಮಾಣ, ಮೂರೇ ತಿಂಗಳಲ್ಲಿ ಸೊನ್ನೆಗೆ ಬಂತು. ಇದಕ್ಕೆ ದುಬಾರಿ ಯಂತ್ರ ಬೇಕಾಗಲಿಲ್ಲ. ಲೈನ್ ಹಾಕುವಾಗ ಒಂದು ಹೆಜ್ಜೆ ತಪ್ಪಿದರೆ "ನಿಲ್ಲಿಸಿ ಡಾಕ್ಟರ್" ಅನ್ನುವ ಅಧಿಕಾರ ನರ್ಸ್‌ಗೆ ಇತ್ತು. ನಿಮ್ಮ ಐಸಿಯುನಲ್ಲಿ ಆ ಮಾತು ಅಂದ ಸಿಸ್ಟರ್ ಮೇಲೆ ಯಾರೂ ರೇಗದಂತೆ ನೋಡಿಕೊಳ್ಳುವುದು ಮುಖ್ಯಸ್ಥರ ಕೆಲಸ.

ಇನ್ನೊಂದು ಚಿಕ್ಕದು: ವೆಂಟಿಲೇಟರಿನ ಪೈಪುಗಳನ್ನು ಇಂತಿಷ್ಟು ದಿನಕ್ಕೆ ಅಂತ ಬದಲಿಸಬೇಕಿಲ್ಲ. ಕೊಳೆಯಾದಾಗ ಅಥವಾ ಕೆಟ್ಟಾಗ ಬದಲಿಸಿದರೆ ಸಾಕು.

ಹಂತ 9: ರೌಂಡ್ಸ್‌ನಲ್ಲಿ ಎರಡು ನಿಮಿಷ

ಮೇಲಿನದೆಲ್ಲ ಉಳಿಯುವುದು ದಿನಾ ಕೇಳಿದರೆ ಮಾತ್ರ. ಪ್ರತಿ ಹಾಸಿಗೆಯ ಬಳಿ, ಡಾಕ್ಟರ್ ಮಾತು ಮುಗಿದ ಮೇಲೆ, ಆ ರೋಗಿಯ ನರ್ಸ್ ಗಟ್ಟಿಯಾಗಿ ಓದಲಿ:

"ಯಾವ ಲೈನ್ ಇವತ್ತು ತೆಗೆಯಬಹುದು? ಯಾವ ಔಷಧಿ ನಿಲ್ಲಿಸಬಹುದು, ಯಾವುದು ಹೊಟ್ಟೆಗೆ ಬದಲಿಸಬಹುದು? ಆಂಟಿಬಯೋಟಿಕ್ ಎಷ್ಟರಲ್ಲಿ ಎಷ್ಟನೇ ದಿನ? ನಾಳೆ ಯಾವ ಪರೀಕ್ಷೆ, ಯಾಕೆ? ಇವತ್ತು ಎಚ್ಚರಿಸಿದೆವಾ?"

ಇಷ್ಟು ಸಾಕು. ಇಪ್ಪತ್ತು ಪ್ರಶ್ನೆ ಮಾಡಿದರೆ ಮೂರನೇ ವಾರಕ್ಕೆ ಸುಮ್ನೆ ಟಿಕ್ ಹಾಕುವ ಹಾಳೆ ಆಗುತ್ತದೆ. ಇದರಲ್ಲಿ ಎಲ್ಲೂ "ಬೆಲೆ ಎಷ್ಟು" ಅನ್ನುವ ಪ್ರಶ್ನೆ ಇಲ್ಲ ನೋಡಿ. ಬೇಕೆಂದೇ ಬಿಟ್ಟಿದ್ದೇನೆ. ಹಾಸಿಗೆಯ ಪಕ್ಕ ಕೇಳಬೇಕಾದ್ದು ಬೇಕಾ ಬೇಡವಾ ಅಂತ. ಬೆಲೆಯ ಮಾತಿಗೆ ಬೇರೆ ಜಾಗ ಇದೆ.

ಹಂತ 10: ಬೆಲೆ ತಿಳಿಸಿ, ಆದರೆ ಅದನ್ನೇ ನಂಬಬೇಡಿ

ಡಾಕ್ಟರುಗಳಿಗೆ ತಾವು ಬರೆಯುವುದರ ಬೆಲೆ ಗೊತ್ತಿರಬೇಕು. ತಿಂಗಳಿಗೊಮ್ಮೆ ಕೂತು, ಹೆಚ್ಚು ಬಳಸುವ 20 ಪರೀಕ್ಷೆ, 20 ಔಷಧಿಗಳ ಬೆಲೆ ನೋಡಿ. ಬಹಳ ಜನಕ್ಕೆ ಆಶ್ಚರ್ಯ ಆಗುತ್ತದೆ. ಆದರೆ ಬೆಲೆ ತೋರಿಸಿದ ಮಾತ್ರಕ್ಕೆ ಅಭ್ಯಾಸ ಬದಲಾಗುತ್ತದೆ ಅಂತ ಅಂದುಕೊಳ್ಳಬೇಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆರ್ಡರ್ ಹಾಕುವ ಪರದೆಯಲ್ಲೇ ಬೆಲೆ ತೋರಿಸಿದಾಗ ಪರೀಕ್ಷೆಗಳು ಸುಮಾರು ಶೇಕಡ 9ರಷ್ಟು ಇಳಿದವು ಅಂತ 2013ರಲ್ಲಿ ವರದಿಯಾಯಿತು. 2017ರಲ್ಲಿ ಮೂರು ಆಸ್ಪತ್ರೆಗಳಲ್ಲಿ ಮಾಡಿದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಏನೂ ಬದಲಾಗಲಿಲ್ಲ. ಎಲ್ಲ ಸಲಕ್ಕೂ ಕೆಲಸ ಮಾಡುವುದು ಆರ್ಡರ್ ತಾನಾಗಿ ನಿಲ್ಲುವ ವ್ಯವಸ್ಥೆ ಮತ್ತು ಪಕ್ಕದವರು ಕೇಳುವ ಪ್ರಶ್ನೆ.

ತಿಂಗಳ ಸಂಖ್ಯೆಗಳನ್ನು ಇಡೀ ಐಸಿಯುನದಾಗಿ ಗೋಡೆಗೆ ಹಾಕಿ. ಒಬ್ಬೊಬ್ಬ ಡಾಕ್ಟರ ಸಂಖ್ಯೆ ಅವರಿಗೆ ಮಾತ್ರ ಕೊಡಿ. ಹೆಸರು ಹಾಕಿ ತೂಗುಹಾಕಿದರೆ ಜನ ಕಲಿಯುವುದಿಲ್ಲ, ಅವಿತುಕೊಳ್ಳುತ್ತಾರೆ.

ಜೂನಿಯರ್‌ಗಳ ಭಯ ಬೇರೆ ತರಹದ್ದು. "ಪರೀಕ್ಷೆ ಯಾಕೆ ಮಾಡಿಸಿಲ್ಲ?" ಅಂತ ಬೈಸಿಕೊಂಡವರು ಎಲ್ಲರೂ ಇದ್ದಾರೆ. "ಯಾಕೆ ಮಾಡಿಸಿದೆ?" ಅಂತ ಯಾರನ್ನೂ ಬೈದಿಲ್ಲ. ಹಾಗಾಗಿ ಅವರು ಎಲ್ಲವನ್ನೂ ಬರೆಯುತ್ತಾರೆ. ಇದನ್ನು ಬದಲಿಸಬಲ್ಲವರು ಸೀನಿಯರ್ ಮಾತ್ರ. "ಇದನ್ನು ಮಾಡಿಸದೇ ಇದ್ದದ್ದು ಒಳ್ಳೇದಾಯಿತು" ಅಂತ ಎಲ್ಲರ ಮುಂದೆ ಹೇಳಿ. "ನಾಳೆ ಏನಾದರೂ ಆದರೆ ಈ ನಿರ್ಧಾರ ನನ್ನದು" ಅಂತ ಕೇಸ್ ಶೀಟಿನಲ್ಲಿ ನೀವೇ ಬರೆಯಿರಿ.

ಹಂತ 11: ಮನೆಯವರ ಜೊತೆ ಮಾತು

ಇದನ್ನು ಉಳಿತಾಯದ ಪಟ್ಟಿಗೆ ಸೇರಿಸಲೇಬೇಡಿ. ಗುಣವಾಗುವ ಆಸೆ ಕಮ್ಮಿಯಾದಾಗ ಮನೆಯವರ ಜೊತೆ ಕೂತು ಮಾತಾಡುವುದರಿಂದ ಖರ್ಚು ಇಳಿಯಬಹುದು, ಆದರೆ ಅದಕ್ಕೋಸ್ಕರ ಮಾತಾಡಿದರೆ ಅದು ಅನ್ಯಾಯ. ಬಂದ 72 ಗಂಟೆಯೊಳಗೆ ಒಮ್ಮೆ ಕೂರಿಸಿ ಮಾತಾಡಿ. ರೋಗಿಗೆ ಏನು ಮುಖ್ಯವಾಗಿತ್ತು, ಎಂಥ ಬದುಕು ಅವರಿಗೆ ಬದುಕು ಅನಿಸುತ್ತಿತ್ತು ಅಂತ ಕೇಳಿ. ಏನಾಗುತ್ತದೋ ಗೊತ್ತಿಲ್ಲದಿದ್ದರೆ "ಐದು ದಿನ ಪೂರ್ತಿ ಪ್ರಯತ್ನ ಮಾಡೋಣ, ಇಂಥ ಬದಲಾವಣೆ ಕಾಣಬೇಕು, ಆಮೇಲೆ ಮತ್ತೆ ಕೂರೋಣ" ಅಂತ ಅವಧಿ ಇಟ್ಟುಕೊಳ್ಳಿ. ಕೈಯಿಂದ ದುಡ್ಡು ಕಟ್ಟುವ ಮನೆಯವರಿಗೆ ಬಿಲ್ ಎಷ್ಟಾಗಬಹುದು ಅಂತ ಮೊದಲೇ ನಿಜ ಹೇಳಬೇಕು, ಆದರೆ ಆ ಮಾತು ಬಿಲ್ಲಿಂಗ್‌ನವರ ಜೊತೆ ಬೇರೆ ಕೂತಾಗ ಆಗಲಿ. ಪ್ರಾಣದ ಮಾತು ಮತ್ತು ಬಿಲ್ಲಿನ ಮಾತು ಒಂದೇ ಉಸಿರಿನಲ್ಲಿ ಬರಬಾರದು.

ಹಂತ 12: ಇಲ್ಲಿ ಕೈಹಾಕಬೇಡಿ

ನರ್ಸ್ ಸಂಖ್ಯೆ ಕಡಿತ ಮಾಡಬೇಡಿ. ಮೇಲೆ ಬರೆದ ಒಂದೊಂದು ಹೆಜ್ಜೆಯೂ ನಿಂತಿರುವುದು ನರ್ಸ್ ಮೇಲೆ. ಸೆಪ್ಟಿಕ್ ಶಾಕ್‌ನಲ್ಲಿ (ಸೋಂಕಿನಿಂದ ಬಿಪಿ ಕುಸಿದಾಗ) ಮೊದಲ ಗಂಟೆಯ ಆಂಟಿಬಯೋಟಿಕ್, ಕೈಗೆ ಹಚ್ಚುವ ಸ್ಯಾನಿಟೈಸರ್, ಗ್ಲೌಸ್, ರೋಗಿಯನ್ನು ಬೇಗ ಎಬ್ಬಿಸಿ ನಡೆಸುವ ಫಿಸಿಯೋಥೆರಪಿ, ಇವು ಖರ್ಚಲ್ಲ. ಒಮ್ಮೆ ಬಳಸಿ ಬಿಸಾಡಬೇಕಾದದ್ದನ್ನು ತೊಳೆದು ಮತ್ತೆ ಬಳಸುವ ಯೋಚನೆ ಬೇಡ. ಅಗ್ಗಕ್ಕೆ ಸಿಕ್ಕಿತು ಅಂತ ಸೋರುವ ಪೈಪು, ಬಾಗುವ ಸೂಜಿ ತಂದರೆ ಒಂದಕ್ಕೆ ಮೂರು ಖರ್ಚಾಗುತ್ತದೆ.

ಹಂತ 13: ಮೂರು ತಿಂಗಳ ಮೇಲೆ

ಮೊದಲ ಹಾಳೆ ಮತ್ತು ಈಗಿನ ಹಾಳೆ ಪಕ್ಕಪಕ್ಕ ಇಡಿ. ಕಾವಲು ಸಂಖ್ಯೆ ಮೊದಲು ಓದಿ. ಅಲ್ಲಿ ಏನಾದರೂ ಏರಿದ್ದರೆ ಉಳಿತಾಯದ ಮಾತು ಬದಿಗಿಟ್ಟು, ಆ ಒಬ್ಬೊಬ್ಬರ ಕೇಸ್ ಶೀಟನ್ನೂ ತೆಗೆದು ಕೂರಿ. ಏನೂ ಏರಿಲ್ಲ ಅಂದರೆ ಮುಂದಿನ ಗುರಿ ಆರಿಸಿ.

ಸಂಖ್ಯೆಗಳು ಮತ್ತೆ ಮೇಲೇಳುವ ಕಾಲ ಒಂದಿದೆ: ಜೂನಿಯರ್‌ಗಳ ಹೊಸ ಬ್ಯಾಚ್ ಬಂದ ತಿಂಗಳು. ನಾನು ಈಗ ಅವರ ಮೊದಲ ದಿನ ಪಾಠ ಮಾಡುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬರಹೇಳುತ್ತೇನೆ. ಸಿಸ್ಟರ್ ಜೊತೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಎಬ್ಬಿಸಬೇಕಾದ ಪ್ರತಿಯೊಬ್ಬರನ್ನೂ ಅವರೇ ಎಬ್ಬಿಸಿ, ಯಾಕೆ ರಕ್ತ ತೆಗೆಯುತ್ತಿದ್ದೇವೆ ಅಂತ ಅವರೇ ಹೇಳಬೇಕು. ಹೇಳಲು ಆಗದ ಕಡೆ ಟ್ಯೂಬ್ ವಾಪಸ್ ಟ್ರೇಗೆ ಹೋಗುತ್ತದೆ, ರೋಗಿ ಮಲಗಿರುತ್ತಾರೆ.